ಮೂಟೆದಾರದ ಬಲೆಚೀಲ

ಹೇಸುವುದು ನಮ್ಮ ಮನೆಯಲ್ಲಿ ಒಳ್ಳೆಯ ಗುಣ ಅನ್ನಿಸಿಕೊಂಡಿತ್ತು. ಬೇರೆ ಮನೆಗಳಲ್ಲಿ ಮಕ್ಕಳು ಚೆನ್ನಾಗಿ ಓದಿದರೆ ಹೊಗಳುತ್ತಿದ್ದರು. ನನ್ನ ಅಪ್ಪ ನಾನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಲೋಟ ಮೂಸಿ ನೋಡಿ ನೀರು ಬೇಡ ಅಂದರೆ ಬೆನ್ನು ತಟ್ಟುತ್ತಿದ್ದರು. ಅವರು ಸರ್ಕಾರದ ಆರೋಗ್ಯ ಸಹಾಯಕರು. ನಂಜನಗೂಡಿನಿಂದ ಹುಲ್ಲಹಳ್ಳಿ ಕಡೆಯ ಊರುಗಳಿಗೆ ಮೊಪೆಡ್ಡಿನಲ್ಲಿ ಹೋಗಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು, ಚರಂಡಿಗೆ ಔಷಧಿ ಹೊಡೆಸುವುದು, ವಾಂತಿಭೇದಿ ಬಂದ ಕೇರಿಗಳಲ್ಲಿ ನೀರು ಕುದಿಸಿ ಕುಡೀರಿ ಅಂತ ಹೇಳುವುದು ಅವರ ಕೆಲಸ. ಸಂಜೆ ಹಿತ್ತಲ ಕಡೆಯಿಂದಲೇ ಮನೆಗೆ ಬಂದು, ಅಂಗಿ ಬಿಚ್ಚಿ ಬಕೆಟ್ಟಿಗೆ ಹಾಕಿ, ಮೊಣಕೈವರೆಗೆ ಸೋಪು ಹಚ್ಚಿಕೊಳ್ಳುತ್ತಾ ಆವತ್ತು ಕಂಡದ್ದನ್ನೆಲ್ಲ ನನಗೆ ಹೇಳುತ್ತಿದ್ದರು. ಬಾವಿಯಲ್ಲಿ ತೇಲುತ್ತಿದ್ದ ಬೆಕ್ಕು, ಹಾಲಿನ ಕ್ಯಾನಿನ ತಳದಲ್ಲಿದ್ದ ಹುಳ, ಮಗುವಿನ ಮಲ ಒರೆಸಿದ ಕೈಯಲ್ಲೇ ಮುದ್ದೆ ಕಟ್ಟಿದ ಹೆಂಗಸು. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಪ್ರತಿಯೊಂದಕ್ಕೂ ಮುಖ ಕಿವುಚಿ ಥೂ ಥೂ ಅನ್ನುತ್ತಿದ್ದೆ. ಅದು ನಮ್ಮಿಬ್ಬರ ಆಟ. ನನಗೆ ಅಪ್ಪನ ಪ್ರೀತಿ ಸಿಗುತ್ತಿದ್ದದ್ದು ಹೆಚ್ಚಾಗಿ ಆ ಹೊತ್ತಿನಲ್ಲೇ.

ನಮ್ಮದು ಹೊಸ ಬಡಾವಣೆಯ ಕೊನೇ ಮನೆ. ನಡುಮನೆ, ಅಡುಗೆಮನೆ, ಒಂದು ಮಲಗುವ ಕೋಣೆ, ಹಿಂದೆ ಸಾಮಾನು ತುಂಬಿದ ಸಣ್ಣ ಕೋಣೆ. ಕೆಂಪು ನೆಲವನ್ನು ಅಮ್ಮ ದಿನಕ್ಕೆ ಮೂರು ಸಲ ಒರೆಸುತ್ತಿದ್ದಳು. ಫಿನಾಯಿಲ್ ವಾಸನೆ ಎಷ್ಟು ಬೆರೆತು ಹೋಗಿತ್ತೆಂದರೆ ಒಗ್ಗರಣೆಯ ಘಮವೂ ಅದನ್ನು ಮೀರಿ ಮೇಲೇಳುತ್ತಿರಲಿಲ್ಲ. ಇಷ್ಟು ಚೊಕ್ಕಟದ ಮನೆಯಲ್ಲಿ ಕೊಳಕು ಅಂತ ಇದ್ದದ್ದು ಹಿತ್ತಲ ಬಾಗಿಲ ಪಕ್ಕದ ಒಂದು ಬಕೆಟ್ಟು. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಉಳಿದದ್ದು ಎಲ್ಲವೂ ಅದಕ್ಕೇ ಬೀಳುತ್ತಿತ್ತು. ಕಲಗಚ್ಚು. ನಮ್ಮ ಕಾಂಪೌಂಡಿನ ಆಚೆ ಒಂದು ಖಾಲಿ ಸೈಟು, ಅದರಾಚೆ ಶೀಟಿನ ಮನೆಯಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು ಹೆಂಗಸು, ಅವಳಿಗೊಂದು ಕಪ್ಪು ಸೀಮೆಹಸು. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಆ ಹಸುವಿನ ಹಾಲನ್ನು ಮನೆಮನೆಗೆ ಹಾಕಿಯೇ ಅವಳ ಜೀವನ. ದಿನಾ ಸಂಜೆ ಸ್ಕೂಲಿನಿಂದ ಬಂದ ಮೇಲೆ ಕಲಗಚ್ಚಿನ ಬಕೆಟ್ಟನ್ನು ಅವಳ ಹಸು ನೀರು ಕುಡಿಯುವ ಕಲ್ಲುಬಾನಿಗೆ ಸುರಿದು ಬರುವುದು ನನ್ನ ಪಾಲಿನ ಕೆಲಸ. ಬೇಸಿಗೆಯಲ್ಲಿ ಅದು ಮಧ್ಯಾಹ್ನಕ್ಕೇ ಹುಳಿಯಾಗಿ ನೊರೆ ಬಂದಿರುತ್ತಿತ್ತು. ನಡೆದರೆ ತುಳುಕಿ ಕಾಲಿನ ಮೇಲೆ ಬೀಳುತ್ತಿತ್ತು, ಲೋಳೆಲೋಳೆಯಾಗಿ. ನಾನು ಉಸಿರು ಬಿಗಿಹಿಡಿದು ಓಡುತ್ತಿದ್ದೆ, ವಾಪಸು ಬಂದು ಕಾಲನ್ನು ಚರ್ಮ ಕೆಂಪಾಗುವವರೆಗೆ ಉಜ್ಜುತ್ತಿದ್ದೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ದೊಡ್ಡಮ್ಮ ಬಂದಳು. ಅಮ್ಮನ ಅಕ್ಕ ಸಾಕಮ್ಮ, ಟಿ. ನರಸೀಪುರದವಳು. ಗಂಡ ತೀರಿಕೊಂಡ ಮೇಲೆ ಮೈದುನಂದಿರ ಮನೆಯಲ್ಲಿ ಹೊಂದಿಕೆಯಾಗದೆ, ಸ್ವಲ್ಪ ದಿನ ಇದ್ದು ಹೋಗುತ್ತೇನೆ ಅಂತ ಬಂದವಳು ಒಂದು ವರ್ಷದ ಮೇಲೆ ಇದ್ದಳು. ಹಿಂದಿನ ಸಣ್ಣ ಕೋಣೆಯಲ್ಲಿ ಅವಳಿಗೊಂದು ಮಂಚ ಹಾಕಿದರು. ಆ ಕೋಣೆಯ ಕಿಟಕಿ ಖಾಲಿ ಸೈಟಿನ ಕಡೆಗಿತ್ತು. ದೊಡ್ಡಮ್ಮನ ಬಾಯಿ ಯಾವಾಗಲೂ ತುಂಬಿರುತ್ತಿತ್ತು. ಎಲೆ, ಅಡಿಕೆ, ಹೊಗೆಸೊಪ್ಪಿನ ಕಡ್ಡಿಪುಡಿ. ಮಂಚದ ಕೆಳಗೆ ಉಗಿಯುವುದಕ್ಕೊಂದು ತಗಡಿನ ಡಬ್ಬ. ಅಪ್ಪ ಮೊದಲ ದಿನವೇ ಅಮ್ಮನನ್ನು ಕರೆದು, ಅವಳ ಕೆಮ್ಮು ಎಂಥದ್ದೋ ಏನೋ, ತಟ್ಟೆ ಲೋಟ ಬೇರೆ ಇಡು ಅಂದರು. ಅಮ್ಮ ಸ್ಟೀಲಿನ ಒಂದು ತಟ್ಟೆ, ಒಂದು ಲೋಟ ತೆಗೆದು ಕಿಟಕಿಯ ಮೂಲೆಯಲ್ಲಿಟ್ಟಳು. ದೊಡ್ಡಮ್ಮ ಅದನ್ನು ತಾನೇ ತೊಳೆದು ತಾನೇ ಅಲ್ಲಿ ಬೋರಲು ಹಾಕುತ್ತಿದ್ದಳು. ಅವಳಿಗೆ ಬೇಜಾರಾಗಬಹುದು ಅಂತ ನನಗೆ ಒಂದು ಸಲವೂ ಅನ್ನಿಸಲಿಲ್ಲ. ಸಮಾಧಾನವೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ದೊಡ್ಡಮ್ಮನಿಗೆ ಕ್ರೋಶಾ ಬರುತ್ತಿತ್ತು. ನರಸೀಪುರದಲ್ಲಿ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ ಕೇರಳದ ನರ್ಸಮ್ಮ ಒಬ್ಬರು ಕಲಿಸಿದ್ದರಂತೆ. ಆ ಪದ ಅವಳ ಬಾಯಲ್ಲಿ ತಿರುಗುತ್ತಿರಲಿಲ್ಲ, ಕೊಕ್ಕೆ ಕೆಲಸ ಅನ್ನುತ್ತಿದ್ದಳು. ತುದಿ ಬಾಗಿದ ಒಂದು ಉಕ್ಕಿನ ಕಡ್ಡಿಯೇ ಅವಳ ಆಸ್ತಿ. ಬೇರೆ ಹೆಂಗಸರು ಅಂಗಡಿಯಿಂದ ಬಣ್ಣದ ನೂಲು ತಂದು ಟಿವಿ ಮೇಲೆ ಹೊದಿಸುವ ಬಟ್ಟೆ, ಬಾಗಿಲ ತೋರಣ ಹೆಣೆದರೆ, ಇವಳು ಹೆಣೆಯುತ್ತಿದ್ದದ್ದು ಮೂಟೆದಾರದಲ್ಲಿ. ಅಕ್ಕಿ, ಬೂಸಾ, ಹಿಂಡಿಯ ಮೂಟೆಗಳ ಬಾಯಿಗೆ ಹೊಲಿದಿರುತ್ತಾರಲ್ಲ, ಆ ಬಿಳಿ ದಾರ. ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಒಂದೇ ಎಳೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಅದಕ್ಕಾಗಿಯೇ ಅವಳು ಬಂದ ವಾರದಲ್ಲಿ ಚಿಕ್ಕತಾಯಮ್ಮನ ಸ್ನೇಹ ಮಾಡಿದಳು. ಅಲ್ಲಿ ವಾರಕ್ಕೊಂದು ಬೂಸಾ ಮೂಟೆ ಬಿಚ್ಚುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಆ ಶೀಟಿನ ಮನೆಯ ನೆರಳಲ್ಲಿ ಕೂತು, ಒಬ್ಬಳು ಬೆರಣಿ ತಟ್ಟುತ್ತಾ ಇನ್ನೊಬ್ಬಳು ದಾರ ಸುತ್ತುತ್ತಾ, ಎಲೆಯಡಿಕೆ ಹಂಚಿಕೊಳ್ಳುತ್ತಿದ್ದರು. ನಂಜನಗೂಡಿನಲ್ಲಿ ದೊಡ್ಡಮ್ಮನಿಗೆ ಇದ್ದ ಒಬ್ಬಳೇ ಗೆಳತಿ ಅವಳು.

ದಾರ ಮನೆಗೆ ಬಂದಾಗ ಹಿಂಡಿಯ ವಾಸನೆ ಹೊಡೆಯುತ್ತಿತ್ತು. ಸೋಡಾ ಹಾಕಿ ಕುದಿಸಿ ಒಣಗಿಸಿದರೂ ಪೂರ್ತಿ ಹೋಗುತ್ತಿರಲಿಲ್ಲ. ತುಂಡು ದಾರಗಳನ್ನು ಸೇರಿಸುವಾಗ ಅವಳು ಎರಡೂ ತುದಿಯನ್ನು ಬಾಯಿಗೆ ಹಾಕಿ, ಎಂಜಲಲ್ಲಿ ನೆನೆಸಿ, ತೊಡೆಯ ಮೇಲಿಟ್ಟು ಹೊಸೆಯುತ್ತಿದ್ದಳು. ಬಿಳಿ ಉಂಡೆಯಲ್ಲಿ ಅಲ್ಲಲ್ಲಿ ಎಲೆಯಡಿಕೆಯ ಕಂದು ಕಲೆ. ನಾನು ಮೂಗು ಮುಚ್ಚಿಕೊಳ್ಳುತ್ತಿದ್ದೆ. ಆದರೂ ಅವಳು ಹೆಣೆಯುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಅದೇಕೋ. ಮೊದಲು ಒಂದು ಪುಟ್ಟ ಬಳೆಯಂಥ ಸರಪಳಿ, ಅದರ ಸುತ್ತ ಸುತ್ತುತ್ತಾ ರೊಟ್ಟಿಯಗಲದ ತಳ. ಆಮೇಲೆ ಐದು ಸರಪಳಿ ಬಿಟ್ಟು ಕೊಕ್ಕೆ ಚುಚ್ಚಿದರೆ ಒಂದು ಕಣ್ಣು, ಮತ್ತೈದು ಬಿಟ್ಟು ಚುಚ್ಚಿದರೆ ಇನ್ನೊಂದು ಕಣ್ಣು. ಮುಂದಿನ ಸುತ್ತಿನಲ್ಲಿ ಆ ಕಮಾನುಗಳ ನಡುವಿಗೇ ಚುಚ್ಚಬೇಕು. ಹಾಗೆ ಮೊಳದುದ್ದ ಬಲೆ ಇಳಿದ ಮೇಲೆ ಬಾಯಿಗೆ ಬಿಗಿ ಅಂಚು, ಹೆಗಲಿಗೆ ಹಾಕಲು ಉದ್ದನೆಯ ಹಿಡಿ. ಮುಷ್ಟಿಯಲ್ಲಿ ಮುದುರಿಕೊಳ್ಳುವಷ್ಟು ಸಣ್ಣದು, ಹತ್ತು ಸೇರು ತರಕಾರಿ ಹಾಕಿದರೆ ಬಸುರಿಯ ಹಾಗೆ ಹಿಗ್ಗುವಷ್ಟು ದೊಡ್ಡದು. ಮೊದಲು ಮುಗಿಸಿದ ಚೀಲವನ್ನು ಅವಳು ನನಗೇ ಕೊಟ್ಟಳು.

"ತಕ್ಕೊ ಕೂಸೆ. ಸಂತೆಗೆ ತಕ್ಕೊಂಡೋಗು. ಗಾಳಿ ಆಡ್ತದೆ, ಸೊಪ್ಪು ಕೊಳೆಯಾಕಿಲ್ಲ. ಒಗದ್ರೆ ಮತ್ತೆ ಒಸದು."

ನಾನು ಎರಡು ಬೆರಳಲ್ಲಿ ಹಿಡಿದುಕೊಂಡೆ.

ಸಂತೆಗೆ ತರಕಾರಿ ತರಲು ಹೋಗುವವಳು ನಾನೇ. ಅಮ್ಮನಿಗೆ ಆ ಚೀಲ ಹಿಡಿಸಿತ್ತೋ ಇಲ್ಲವೋ, ಅಕ್ಕ ಹೆಣೆದದ್ದು ಅಂತ ಅದನ್ನೇ ಕೊಟ್ಟು ಕಳಿಸಿದಳು. ದಾರಿಯಲ್ಲಿ ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ಎದುರಾದರು. ಒಬ್ಬಳು ಚೀಲವನ್ನು ನೋಡಿ, "ಏನೇ ಶೈಲಾ, ಹೊಳೆಗೆ ಮೀನು ಹಿಡಿಯೋಕೆ ಹೊರಟ್ಯಾ?" ಅಂದಳು. ಇನ್ನೊಬ್ಬಳು ಬಗ್ಗಿ ಮೂಸಿದಳು. ಸಾಕಾಯಿತು. ಚೀಲವನ್ನು ಮುದುರಿ ಲಂಗದ ಜೇಬಿಗೆ ತುರುಕಿದೆ. ಆಗ ಎಲ್ಲ ತರಕಾರಿಯವರೂ ಪ್ಲಾಸ್ಟಿಕ್ ಕವರು ಕೊಡುತ್ತಿದ್ದರು, ಈರುಳ್ಳಿ ಸಿಪ್ಪೆಗಿಂತ ತೆಳುವಾದ ನೀಲಿ, ಗುಲಾಬಿ, ಕಪ್ಪು ಕವರುಗಳು. ಟೊಮೇಟೊಗೆ ಒಂದು, ಬೀನ್ಸಿಗೆ ಒಂದು, ಎರಡು ಕಟ್ಟು ಸೊಪ್ಪಿಗೆ ಒಂದು. ಹೊಸದಾಗಿ, ಪರಪರ ಅನ್ನುತ್ತಾ, ಯಾರ ಎಂಜಲೂ ತಾಗದೆ. ಮನೆಯ ತಿರುವಿನಲ್ಲಿ ನಿಂತು ತರಕಾರಿಯನ್ನೆಲ್ಲ ಬಲೆಚೀಲಕ್ಕೆ ಸುರಿದುಕೊಂಡೆ, ಖಾಲಿ ಕವರುಗಳನ್ನು ಸಮೀಜಿನ ಒಳಗೆ ಅಡಗಿಸಿಕೊಂಡೆ. ದೊಡ್ಡಮ್ಮ ಬಾಗಿಲಲ್ಲೇ ಕಾದಿದ್ದಳು. ಬದನೆಕಾಯಿ ತುಂಬಿ ಉಬ್ಬಿದ ತನ್ನ ಚೀಲವನ್ನು ನೋಡಿ ಅವಳ ಕೆಂಪು ಹಲ್ಲೆಲ್ಲ ಕಾಣುವಂತೆ ನಕ್ಕಳು.

ಪ್ರತಿವಾರ ಹೀಗೇ ಆಯಿತು. ಅಡಗಿಸಿಟ್ಟ ಕವರುಗಳು ನನ್ನ ಪುಸ್ತಕದ ಪೆಟ್ಟಿಗೆಯಲ್ಲಿ ಸೇರುತ್ತಾ ಹೋದವು. ಅವಕ್ಕೊಂದು ಉಪಯೋಗವನ್ನೂ ಕಂಡುಕೊಂಡೆ. ಕಲಗಚ್ಚಿನ ನೀರನ್ನು ಮೋರಿಗೆ ಬಸಿದು, ಬಕೆಟ್ಟಿನ ಬಾಯಿಗೆ ಕವರು ತೊಡಿಸಿ ತಲೆಕೆಳಗು ಮಾಡಿದರೆ ಸಿಪ್ಪೆ, ಅನ್ನ ಎಲ್ಲ ಕೈಗೆ ತಾಗದೆ ಒಳಗೆ ಬೀಳುತ್ತದೆ. ಕವರಿನ ಬಾಯಿ ತಿರುಚಿ, ದೊಡ್ಡಮ್ಮನ ಉಂಡೆಯಿಂದ ಒಂದು ಗೇಣು ದಾರ ಕತ್ತರಿಸಿ ಬಿಗಿಯಾಗಿ ಕಟ್ಟಿದರೆ ವಾಸನೆಯೂ ಹೊರಗೆ ಬರುವುದಿಲ್ಲ. ಆಮೇಲೆ ಗೋಡೆಯ ಮೇಲಿಂದ ಖಾಲಿ ಸೈಟಿಗೆ ಒಂದೇ ಎಸೆತ. ಪಾರ್ಥೇನಿಯಂ ಗಿಡಗಳ ನಡುವೆ ಎಲ್ಲಿ ಬಿತ್ತೋ ಕಾಣುತ್ತಿರಲಿಲ್ಲ. ಕಾಣದಿದ್ದರೆ ಇಲ್ಲ ಅಂತಲೇ ನನ್ನ ಲೆಕ್ಕ. ಚಿಕ್ಕತಾಯಮ್ಮ ಕಲಗಚ್ಚು ಯಾಕೆ ಬರುತ್ತಿಲ್ಲ ಅಂತ ಕೇಳಿದಾಗ, ಅಮ್ಮ ಗಿಡಗಳಿಗೆ ಹಾಕುತ್ತಿದ್ದಾಳೆ ಅಂದೆ. ಅಮ್ಮನಿಗೆ ಬಕೆಟ್ಟು ಖಾಲಿಯಾಗಿ ತೊಳೆದು ಬಂದರೆ ಸಾಕಿತ್ತು.

ದೊಡ್ಡಮ್ಮ ಮಾತ್ರ ಒಂದು ದಿನ ಕಿಟಕಿಯಿಂದ ನೋಡಿದಳು. ಹಿತ್ತಲಿಗೆ ಬಂದು ಮೆಲ್ಲಗೆ ಹೇಳಿದಳು.

"ಅಂಗೆ ಕಟ್ಟಿ ಎಸೀಬಾರ್ದು ಕೂಸೆ. ಚಿಕ್ಕತಾಯಿ ಹಸ ಅಲ್ಲೇ ಮೇಯ್ತದೆ. ಉಪ್ಪಿನ ವಾಸ್ನೆಗೆ ಕವರ್‌ಗೂ ಬಾಯಾಕ್ತದೆ."

"ನಿನ್ನ ಡಬ್ಬ ಮೊದಲು ತೊಳಕೋ ಹೋಗು," ಅಂದೆ ನಾನು. "ಗಬ್ಬು ನಾರುತ್ತೆ."

ಅವಳು ಒಳಗೆ ಹೋದಳು. ಆಮೇಲೆ ಆ ಮಾತು ಎತ್ತಲಿಲ್ಲ.

ಕಾರ್ತಿಕ ಕಳೆಯುವ ಹೊತ್ತಿಗೆ ಹಸು ಮೇವು ಬಿಟ್ಟಿತು. ಮೆಲುಕು ಹಾಕುವುದು ನಿಂತಿತು. ಎಡ ಪಕ್ಕೆ ಡೋಲಿನ ಹಾಗೆ ಉಬ್ಬಿತು. ಚಿಕ್ಕತಾಯಮ್ಮ ಹರಳೆಣ್ಣೆ ಕುಡಿಸಿದಳು, ಓಮ ಬೆಲ್ಲ ತಿನ್ನಿಸಿದಳು, ಯಾರೋ ಹೇಳಿದರೆಂದು ತೇಗು ಬರಲಿ ಅಂತ ಬಾಯಿಗೆ ಅಡ್ಡ ಕೋಲು ಕಟ್ಟಿದಳು. ಹಾಲು ಬತ್ತಿ ಹೋಯಿತು. ನಾಲ್ಕನೇ ದಿನ ದನದ ಡಾಕ್ಟರು ಬಂದು ಪಕ್ಕೆ ತಟ್ಟಿ ನೋಡಿ, ಹೊಟ್ಟೆ ಕೊಯ್ಯದೆ ಬೇರೆ ದಾರಿಯಿಲ್ಲ ಅಂದರು. ಮಾರನೆಯ ಬೆಳಿಗ್ಗೆ ಖಾಲಿ ಸೈಟಿನ ಹೊಂಗೆ ಮರದ ಕೆಳಗೆ, ಹಸುವನ್ನು ನಿಲ್ಲಿಸಿಕೊಂಡೇ ಆಪರೇಷನ್ ಮಾಡಿದರು. ಭಾನುವಾರ. ಬಡಾವಣೆಯ ಜನವೆಲ್ಲ ಸೇರಿತ್ತು. ಅಪ್ಪ ಬಕೆಟ್ಟು, ಡೆಟಾಲು, ಬ್ಲೀಚಿಂಗ್ ಪೌಡರು ತಂದು ಯಜಮಾನಿಕೆ ವಹಿಸಿದ್ದರು. ನಾನು ಅಮ್ಮನ ಹಿಂದೆ ನಿಂತಿದ್ದೆ, ದೊಡ್ಡಮ್ಮ ಹಸುವಿನ ತಲೆಯ ಹತ್ತಿರ ಚಿಕ್ಕತಾಯಮ್ಮನ ಜೊತೆಗೆ ಮೂಗುದಾರ ಹಿಡಿದುಕೊಂಡಿದ್ದಳು.

ಡಾಕ್ಟರು ಪಕ್ಕೆಯ ಕೂದಲು ಬೋಳಿಸಿ, ಮರಗಟ್ಟುವ ಸೂಜಿ ಕೊಟ್ಟು, ಒಂದು ಗೇಣುದ್ದ ಕೊಯ್ದರು. ಮೊದಲು ಹೊರಗೆ ಬಂದದ್ದು ವಾಸನೆ. ಇವತ್ತಿಗೂ ನನಗೆ ಅದಕ್ಕೆ ಹೋಲಿಕೆ ಸಿಕ್ಕಿಲ್ಲ. ಹುಳಿತ ಕಲಗಚ್ಚನ್ನು ಸತ್ತ ಇಲಿಯ ಜೊತೆ ತಿಂಗಳುಗಟ್ಟಲೆ ಮುಚ್ಚಿಟ್ಟು ತೆರೆದರೆ ಹಾಗೆ ಬಂದೀತೇನೋ. ಜನ ಸೆರಗಿನಿಂದ, ಟವೆಲಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಡಾಕ್ಟರು ಭುಜದವರೆಗೆ ಗ್ಲೌಸು ಹಾಕಿ ಕೈಯನ್ನು ಒಳಗೆ ತೂರಿಸಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಎಳೆದರು. ಹಗ್ಗದಂತೆ ಹೊಸೆದುಕೊಂಡ ಒಂದು ಮುದ್ದೆ ಬಂತು. ಹಸಿರು ಲೋಳೆ ಸುರಿಯುತ್ತಿತ್ತು. ಮತ್ತೆ ಕೈ ಹಾಕಿದರು, ಮತ್ತೆ ಎಳೆದರು. ನೀಲಿ, ಗುಲಾಬಿ, ಕಪ್ಪು. ಬಣ್ಣಗಳು ಹಾಗೇ ಇದ್ದವು. ಮಣ್ಣು ಹೊರುವ ಒಂದು ಬಾಣಲೆ ತುಂಬಿ, ಎರಡನೆಯದಕ್ಕೆ ಹಾಕಿದರು. ಅದರಲ್ಲೊಂದು ಕಟ್ಟು ಒಡೆಯದೆ ಇಡಿಯಾಗಿ ಬಂದು ಪೊತ್ ಎಂದು ಬಿತ್ತು. ಚಿಕ್ಕತಾಯಮ್ಮ ಅದನ್ನು ಎತ್ತಿ ನೀರಿನಲ್ಲಿ ಅದ್ದಿದಳು. ಬಾಯಿಗೆ ಕಟ್ಟಿದ ದಾರ ಕಂಡಿತು. ಮೂಟೆದಾರ. ಇನ್ನೊಂದು ಬಂತು, ಅದಕ್ಕೂ ಅದೇ. ಆ ಬಡಾವಣೆಯಲ್ಲಿ ಮೂಟೆದಾರ ಕೂಡಿಡುತ್ತಿದ್ದವರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಒಬ್ಬೊಬ್ಬರೇ ದೊಡ್ಡಮ್ಮನ ಕಡೆ ತಿರುಗಿದರು.

"ಈ ದಾರ..." ಅಂದಳು ಚಿಕ್ಕತಾಯಮ್ಮ.

ದೊಡ್ಡಮ್ಮ ನನ್ನ ಕಡೆ ನೋಡಲಿಲ್ಲ. ಅಪ್ಪನ ಕಡೆ ಒಂದು ಸಲ ನೋಡಿದಳು.

"ನಾನೇ ಎಸ್ದಿದ್ದು ಕಣವ್ವ," ಅಂದಳು.

ನನ್ನ ಬಾಯಿಗೆ ಏನೋ ಬಂತು. ಅದು ಹೇಳಬೇಕಾಗಿದ್ದ ಸತ್ಯವಲ್ಲ, ವಾಂತಿ. ಮರದ ಹಿಂದೆ ಹೋಗಿ ಕಕ್ಕಿದೆ. ಅಮ್ಮ ಬೆನ್ನು ಸವರಿ, ಪಾಪ ಮಗುವಿಗೆ ಈ ಹೇಸಿಗೆಯನ್ನೆಲ್ಲ ನೋಡೋಕಾಗಲ್ಲ ಅಂತ ಪಕ್ಕದವರಿಗೆ ಹೇಳಿದಳು. ನಾನು ಅವಳ ಸೆರಗಿನಲ್ಲೇ ಬಾಯಿ ಒರೆಸಿಕೊಂಡೆ.

ಮನೆಗೆ ಬಂದ ಮೇಲೆ ಅಪ್ಪ ದೊಡ್ಡಮ್ಮನನ್ನು ಒಳಗೆ ಬಿಟ್ಟುಕೊಳ್ಳದೆ ಹಿತ್ತಲಲ್ಲೇ ನಿಲ್ಲಿಸಿ ಮಾತಾಡಿದರು. "ಊರಿಗೆಲ್ಲ ನೈರ್ಮಲ್ಯ ಹೇಳೋನು ನಾನು. ನನ್ನ ಮನೆಯಿಂದಲೇ ಇಂಥ ಕೆಲಸ. ಏನಕ್ಕ ಇದು? ಇಷ್ಟು ವಯಸ್ಸಾಗಿ ಅಷ್ಟೂ ತಿಳಿಯೋದಿಲ್ವಾ?" ದೊಡ್ಡಮ್ಮ ಗೋಡೆ ಹಿಡಿದುಕೊಂಡು ನಿಂತಿದ್ದಳು, ಅವಳ ಸೀರೆಯ ಸೆರಗಿಗೆಲ್ಲ ಹಸಿರು ಲೋಳೆ ಹತ್ತಿತ್ತು. ಆವತ್ತು ಅವಳ ಊಟದ ತಟ್ಟೆಯನ್ನು ಅಮ್ಮ ಹಿತ್ತಲಿಗೇ ಕೊಟ್ಟಳು. ಹಸು ನಾಲ್ಕು ದಿನ ಉಳಿಯಿತು, ಐದನೆಯ ದಿನ ಬೆಳಿಗ್ಗೆ ಕಾಲು ಚಾಚಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಹೊಲಿಗೆ ಬಿಚ್ಚಿ ದಾರಿಯುದ್ದಕ್ಕೂ ಕೀವು ನೀರು ಸುರಿದಿತ್ತು, ಅಪ್ಪ ಅದರ ಮೇಲೆ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ ಎಳೆದರು. ಚಿಕ್ಕತಾಯಮ್ಮ ಛತ್ರವೊಂದಕ್ಕೆ ಪಾತ್ರೆ ತೊಳೆಯಲು ಹೋಗತೊಡಗಿದಳು. ದೊಡ್ಡಮ್ಮ ಎದುರಾದರೆ ದಾರಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ವಾರ ಕಳೆಯುವುದರೊಳಗೆ ದೊಡ್ಡಮ್ಮ ಸುತ್ತೂರು ಮೇಲೆ ಹೋಗುವ ಬಸ್ಸು ಹತ್ತಿ ನರಸೀಪುರಕ್ಕೆ ಹೋದಳು. ಇರು ಅಂತ ಯಾರೂ ಹೇಳಲಿಲ್ಲ.

ಅವಳು ಹೋದ ಮೇಲೆ ಕೋಣೆಯನ್ನು ಅಮ್ಮ ಫಿನಾಯಿಲಿನಲ್ಲಿ ತೊಳೆದಳು. ಮಂಚದ ಕೆಳಗೆ ಅರ್ಧ ಹೆಣೆದ ಇನ್ನೊಂದು ಚೀಲ, ದಾರದ ಉಂಡೆ, ಅದಕ್ಕೆ ಚುಚ್ಚಿದ ಕಡ್ಡಿ ಸಿಕ್ಕವು. ಒಲೆಗೆ ಹಾಕು ಅಂತ ನನ್ನ ಕೈಗೆ ಕೊಟ್ಟಳು. ನನಗೆ ಆ ದಿನಗಳಲ್ಲಿ ಅನ್ನ ಸೇರುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತರೆ ಆ ಬಾಣಲೆ ಕಣ್ಣಿಗೆ ಬರುತ್ತಿತ್ತು. ನನ್ನ ಕೈಯನ್ನು ಎಷ್ಟು ತೊಳೆದರೂ ಆ ವಾಸನೆ. ಅಪ್ಪ ಸಂಜೆ ಬಂದು ಕಥೆ ಹೇಳಿದರೆ ಥೂ ಅನ್ನಲು ನಾಲಿಗೆ ಏಳುತ್ತಿರಲಿಲ್ಲ. ಕೊಳಕು ಅಂದರೆ ಹೊರಗಿನದು, ಬೇರೆಯವರದು, ತೊಳೆದರೆ ಹೋಗುವಂಥದ್ದು ಅಂತ ಅಲ್ಲಿಯವರೆಗೆ ನಂಬಿದ್ದೆ. ಅದನ್ನು ಅಷ್ಟು ಅಚ್ಚುಕಟ್ಟಾಗಿ ಕಟ್ಟಿ ಒಂದು ಮೂಕಪ್ರಾಣಿಯ ಹೊಟ್ಟೆಗೆ ತುಂಬಿದವಳು ನಾನು. ಕಡ್ಡಿಯನ್ನೂ ದಾರವನ್ನೂ ಒಲೆಗೆ ಹಾಕಲಿಲ್ಲ.

ನೋಡಿ ಕಲಿತದ್ದೇ ಬಂಡವಾಳ. ಸ್ಕೂಲಿಂದ ಬಂದು ಆ ಕೋಣೆಯಲ್ಲಿ ಕೂತು ಅವಳು ಬಿಟ್ಟುಹೋದ ಅರ್ಧ ಚೀಲವನ್ನು ಹೆಣೆಯುತ್ತಿದ್ದೆ. ಲೆಕ್ಕ ತಪ್ಪಿ ಐದರ ಬದಲು ಏಳು ಸರಪಳಿ ಬಿಟ್ಟೆ, ಕಣ್ಣುಗಳು ಬಾಯಿ ಬಿಟ್ಟುಕೊಂಡವು, ಬಿಚ್ಚಿ ಮತ್ತೆ ಹೆಣೆದೆ. ಉದ್ದ ಎಳೆ ಮುಗಿದಾಗ ಉಂಡೆಯ ಒಳಗೆ ಉಳಿದ ತುಂಡುಗಳನ್ನು ಸೇರಿಸಬೇಕಾಯಿತು. ನೀರಲ್ಲಿ ಅದ್ದಿ ನೋಡಿದೆ, ಹೊಸೆದದ್ದು ನಿಲ್ಲಲಿಲ್ಲ. ಕೊನೆಗೆ ಎರಡೂ ತುದಿಯನ್ನು ಬಾಯಿಗೆ ಹಾಕಿಕೊಂಡೆ. ಬೂಸಾ, ಸೋಡಾ, ಕಡ್ಡಿಪುಡಿಯ ಒಗರು. ಕಣ್ಣಲ್ಲಿ ನೀರು ಬಂತು, ಉಬ್ಬಳಿಸಿತು, ಆದರೂ ನೆನೆಯುವವರೆಗೆ ತೆಗೆಯಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಚೀಲ ಮುಗಿಯಿತು. ಒಂದು ಕಡೆ ಜೋತು ಬಿದ್ದಿತ್ತು, ಹಿಡಿ ಸೊಟ್ಟಗಿತ್ತು. ಅದನ್ನು ತೆಗೆದುಕೊಂಡು ಚಿಕ್ಕತಾಯಮ್ಮನ ಮನೆಗೆ ಹೋದೆ. ಅವಳು ಛತ್ರದಿಂದ ಆಗಷ್ಟೇ ಬಂದು, ಸೋಡಾಪುಡಿಗೆ ಬಿರುಕು ಬಿಟ್ಟ ಅಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದಳು. ಬಾಗಿಲಲ್ಲಿ ನಿಂತೇ ಹೇಳಿದೆ, ಕವರು ಕಟ್ಟಿದ್ದು ನಾನು, ಎಸೆದದ್ದು ನಾನು, ದೊಡ್ಡಮ್ಮ ಅಲ್ಲ.

"ಗೊತ್ತು," ಅಂದಳು ಅವಳು, ತಲೆಯೆತ್ತದೆ. "ಸಾಕಮ್ಮಕ್ಕ ದಾರ ಪೋಲು ಮಾಡೋಳಾ? ಒಂದು ಬೆಳ್ಳುದ್ದ ಸಿಕ್ರೂ ಸೊಂಟಕ್ಕೆ ಸಿಗುಸ್ಕೊಳ್ಳೋಳು. ಅವ್ಳು ಸಿಪ್ಪೆಗೆ ದಾರ ಕಟ್ತಾಳಾ?"

"ಮತ್ತೆ ಅವಳ ಹತ್ರ ಯಾಕೆ ಮಾತು ಬಿಟ್ಟೆ?"

"ನನ್ ಹಸದ ಮುಂದೆ ನಿಂತ್ಕೊಂಡು ಸುಳ್ಳು ಯೋಳುದ್ಲು. ಅದುಕ್ಕೆ."

ನಾನು ಚೀಲವನ್ನು ಮುಂದೆ ಚಾಚಿದೆ. ಅವಳು ತೆಗೆದುಕೊಂಡು, ಅಗಲಿಸಿ, ಬೆಳಕಿಗೆ ಹಿಡಿದು ನೋಡಿದಳು. ವಾಪಸು ನನ್ನ ಕೈಗೇ ತುರುಕಿದಳು.

"ಇದ್ನ ಕೊಟ್ರೆ ನನ್ ಹಸ ಎದ್ದು ಬತ್ತದಾ? ನೀನೇ ಮಡೀಕೊ. ಸಂತೆಗೆ ಇದ್ರಲ್ಲೇ ಓಗು, ಎಲ್ರೂ ನೋಡಂಗೆ ಓಗು. ಈಗ ನಡಿ, ನಿಮ್ಮವ್ವಂಗೂ ಯೋಳು. ನಂಗೆ ಯೋಳೋದು ಸುಲಭ, ನಾನು ಎರಡೇಟು ಒಡೆಯೋಳೂ ಅಲ್ಲ."

ಅಮ್ಮ ಈಳಿಗೆಮಣೆಯ ಮೇಲೆ ಕೂತು ಕುಂಬಳಕಾಯಿ ಹೆಚ್ಚುತ್ತಿದ್ದಳು. ಹೇಳಿ ಮುಗಿಸಿದಾಗ ಅವಳ ಮುಖ ನೋಡಿದೆ. ಆ ಮುಖ ನನಗೆ ಗೊತ್ತಿತ್ತು. ಜಿರಲೆ ಬಿದ್ದ ಹಾಲನ್ನು ಚೆಲ್ಲುವಾಗ ಹಾಗೆ ಮಾಡುತ್ತಿದ್ದಳು. ಅದನ್ನು ನನ್ನ ಕಡೆ ತಿರುಗಿಸಿದ್ದು ಅದೇ ಮೊದಲು. ಹೊಡೆಯಲಿಲ್ಲ. ಕುಂಬಳಕಾಯಿ ಹೋಳನ್ನು ಕೆಳಗಿಟ್ಟು, "ನನ್ನ ಅಕ್ಕನಿಗೆ ಹಿತ್ತಲಲ್ಲಿ ಊಟ ಹಾಕಿದೆನಲ್ಲೇ," ಅಂದಳು, ಅಷ್ಟೇ. ಸಂಜೆ ಅಪ್ಪನಿಗೂ ಗೊತ್ತಾಯಿತು. ಅವರು ಹಿತ್ತಲ ಬಾಗಿಲು ಹಾಕಿಕೊಂಡು ಬಂದು, ಧ್ವನಿ ತಗ್ಗಿಸಿ ಹೇಳಿದರು.

"ಆಗಿದ್ದು ಆಗಿಹೋಯ್ತು. ಸಾಕಮ್ಮನೇ ಒಪ್ಪಿಕೊಂಡಿದ್ದಾರೆ, ಊರಿಗೆ ಹೋಗಿಯೂ ಆಯ್ತು. ಇನ್ನು ಈ ವಿಷಯ ಹೊರಗೆ ಹೋಗೋದು ಬೇಡ."

ಆ ಮಾತು ಕೇಳಿ ನನಗೆ ಆದದ್ದಕ್ಕೆ ಬೇರೆ ಹೆಸರಿಲ್ಲ. ಹೇಸಿಗೆಯೇ. ನಾನು ಸಿಪ್ಪೆ ಕಟ್ಟಿ ಎಸೆದಂತೆ ಅವರು ದೊಡ್ಡಮ್ಮನನ್ನು ಕಟ್ಟಿ ಎಸೆಯುತ್ತಿದ್ದರು. ಅವರ ಮಗಳು ನಾನು ಅನ್ನುವುದರಲ್ಲಿ ಆವತ್ತು ಯಾವ ಅನುಮಾನವೂ ಉಳಿಯಲಿಲ್ಲ. ಅಮ್ಮ ಮಾತ್ರ ಅವರ ಮಾತಿಗೆ ಹೂಂ ಅನ್ನಲಿಲ್ಲ. ಬೆಳಗಾಗುತ್ತಲೇ ನನ್ನನ್ನು ಎಬ್ಬಿಸಿ, ಸೀರೆ ಉಟ್ಟು, ಅಪ್ಪನಿಗೆ ಹೇಳದೆ ನರಸೀಪುರದ ಬಸ್ಸು ಹತ್ತಿಸಿದಳು. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳನ್ನು ನೋಡುತ್ತಾ ಕೂತಳು.

ದೊಡ್ಡಮ್ಮ ಮೈದುನನ ಮನೆಯ ಹಿಂದೆ, ಹೊಳೆಯ ಕಡೆಗೆ ಬಾಗಿಲಿದ್ದ ಒಂದು ಕೋಣೆಯಲ್ಲಿದ್ದಳು. ನೆಲಕ್ಕೆ ಸಗಣಿ ಸಾರಿಸಿತ್ತು. ಒಲೆಯ ಮೇಲೆ ಸೊಪ್ಪಿನ ಸಾರು ಕುದಿಯುತ್ತಿತ್ತು. ಚಾಪೆ ಹಾಸಿ ಕೂರಿಸಿದಳು, ನೀರು ಕೊಟ್ಟಳು. ನಾನು ಅವಳ ಕಾಲು ಹಿಡಿಯಲು ಹೋದೆ, ಅವಳು ಕಾಲು ಎಳೆದುಕೊಂಡಳು.

"ನಿನ್ನ ಉಳಿಸ್ಬೇಕು ಅಂತ ನಾನು ಸುಳ್ಳು ಯೋಳ್ಲಿಲ್ಲ ಕೂಸೆ," ಅಂದಳು. "ಅಂಗಂತ ತಿಳ್ಕಬ್ಯಾಡ. ನಿಮ್ಮಪ್ಪನ ಮನೆ ಅನ್ನ ಉಣ್ತಿದ್ದೆ. ಉಣ್ಣೋ ಮನೆ ಕೂಸಿನ ಮ್ಯಾಲೆ ಹತ್ತಾರು ಜನದ ಮುಂದೆ ಬೊಟ್ಟು ಮಾಡಿ ತೋರ್ಸಾಕಾಯ್ತದಾ? ಮತ್ತೆ ನಂದೂ ತಪ್ಪಿತ್ತು. ನೋಡಿದ್ನಲ್ಲ. ನೋಡ್ತಾ ನೋಡ್ತಾ ಸುಮ್ಕಿದ್ದೆ. ಚಿಕ್ಕತಾಯಿ ಕಣ್ಣಿಗೆ ನೀನೂ ಒಂದೇ, ನಾನೂ ಒಂದೇ."

"ಅಕ್ಕ, ಬಂದ್ಬಿಡು. ಮನೆಗೆ ಹೋಗಣ," ಅಂದಳು ಅಮ್ಮ. "ನಾನೇ ಕರೀತಾ ಇದೀನಿ. ಇವರಪ್ಪ ಏನಾದ್ರೂ ಅಂದ್ಕೊಳ್ಳಲಿ."

"ಬ್ಯಾಡ ಕಣವ್ವ."

"ಇನ್ನೂ ಸಿಟ್ಟಾ?"

"ಸಿಟ್ಟಲ್ಲ. ನಂಗೂವೆ ಏಸಿಗೆ ಆಯ್ತಿತ್ತು ಆ ಮನೇಲಿ."

ಅಮ್ಮನಿಗೆ ಅದು ಅರ್ಥವಾಗಲಿಲ್ಲ. "ನಮ್ಮನೇಲಾ? ದಿನಕ್ಕೆ ಮೂರು ಸಲ ಒರೆಸ್ತೀನಲ್ಲ ಅಕ್ಕ ನಾನು," ಅಂದಳು, ಮಗುವಿನ ಹಾಗೆ.

"ಒರೆಸಿದ್ದು ಎಲ್ಲಿಗೆ ಓಯ್ತಿತ್ತು? ಎಲ್ಲಾ ಗ್ವಾಡೆ ಆಚ್ಕೆ. ಆ ಕಿಟಕೀಲಿ ಕೂತು ನಾನು ನೋಡ್ತಿದ್ದುದ್ದೇ ಅದ. ಅದ ನೋಡ್ಕೊಂಡು ಉಣ್ಬೇಕಲ್ಲ. ಅನ್ನ ಗಂಟ್ಲಲ್ಲೇ ನಿಂತ್ಕೊಳ್ಳದು."

ಅವಳ ಧ್ವನಿಯಲ್ಲಿ ಕೊಂಕಿರಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಅನ್ನುವ ಹಾಗೆ ಹೇಳಿದಳು. ವರ್ಷವಿಡೀ ನಾನು ಅವಳನ್ನು ಮೂಗು ಮುಚ್ಚಿಕೊಂಡು ನೋಡಿದ್ದೆ. ಆ ಮೂಲೆಯಲ್ಲಿ ಕೂತು ಅವಳೂ ನಮ್ಮನ್ನು ನೋಡುತ್ತಿದ್ದಳು, ಹೇಸುತ್ತಿದ್ದಳು, ಮತ್ತು ಅದನ್ನು ಅನ್ನದ ಜೊತೆ ನುಂಗುತ್ತಿದ್ದಳು ಅನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊಳೆಯ ಕಡೆ ತಿರುಗಿ ಕೂತಳು.

ದೊಡ್ಡಮ್ಮ ಎದ್ದು ಮುದ್ದೆ ಕಟ್ಟಿದಳು. ಬರಿಗೈಯಲ್ಲಿ, ನೀರು ಮುಟ್ಟಿಕೊಳ್ಳುತ್ತಾ, ಉರುಳಿಸಿ ಉರುಳಿಸಿ ತಟ್ಟೆಗೆ ಹಾಕಿದಳು. ಅಮ್ಮನಿಗೆ ಒಂದು, ನನಗೆ ಒಂದು. ಆ ಆಪರೇಷನ್ನಿನ ದಿನದಿಂದ ನಾನು ಹೊಟ್ಟೆ ತುಂಬ ಉಂಡಿರಲಿಲ್ಲ. ಮುರಿದು, ಸಾರಿಗೆ ಅದ್ದಿ, ನುಂಗಿದೆ. ಇಳಿಯಿತು. ಇನ್ನೊಂದು ತುತ್ತು ನುಂಗಿದೆ. ತಟ್ಟೆ ಖಾಲಿಯಾಗುವವರೆಗೆ ತಲೆಯೆತ್ತಲಿಲ್ಲ.

"ಇನ್ನೊಂದು ಇಕ್ಲಾ?" ಅಂದಳು ದೊಡ್ಡಮ್ಮ.

"ಇಕ್ಕು," ಅಂದೆ.

ಇಕ್ಕಿದಳು. ನಾವು ಹೊರಟಾಗ ಬಸ್‌ಸ್ಟ್ಯಾಂಡಿನವರೆಗೂ ಬಂದು, ಸೀಟು ಹಿಡಿದು ಕೂರಿಸಿ, ಹುಷಾರು ಅಂದಳು. ನಮ್ಮ ಮನೆಗೆ ಮಾತ್ರ ಅವಳು ಆಮೇಲೆ ಯಾವತ್ತೂ ಬರಲಿಲ್ಲ.